ದ್ರಾಕ್ಷಿ ಯಾವುದಂದ್ರ ಊರ ಹೆಸರು ಹೇಳ್ತಾರ

ಹೊರದೇಶದ ವೈನ್ ಬಾಟ್ಲಿ ಮ್ಯಾಲೆ ಕೋಟೆ ಚಿತ್ರ ಐತಿ. ಕೋಟೆ ಮಾಲಕರ ಮನೆತನದ ಹೆಸರೈತಿ, ಇಸವಿ ಐತಿ, ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತ ಐತಿ, ಬಸುರಿ ಹೆಣ್ಮಕ್ಕಳು ಕುಡೀಬಾರ್ದು ಅನ್ನೋ ಸಣ್ಣ ಚಿತ್ರ ಸುದ್ದಾ ಐತಿ, ಸಲ್ಫೈಟ್ ಅದಾವು ಹುಷಾರು ಅಂತ ಒಂದ್ ನಾಕೈದು ಭಾಷೆಯೊಳಗ ಹೊಡದಾರ. ಇಷ್ಟೆಲ್ಲಾ ಬರ್ಯಾಕ ಜಾಗ ಇತ್ತು, ಒಳಗ ಹಾಕಿದ್ದು ಯಾವ ದ್ರಾಕ್ಷಿ ಅಂತ ಬರ್ಯಾಕ ಮಾತ್ರ ಜಾಗ ಸಾಲಲಿಲ್ಲಂತ.

ನನಗ್ಯಾಕ ಬೇಕು ಈ ಉಸಾಬರಿ ಅಂತೀರೇನು, ರೊಕ್ಕದ ವಿಷಯ ರೀ. ನಮ್ಮ ದೊಡ್ಡಪ್ಪನ ಮಗ ಹೊರದೇಶದಾಗ ನೌಕರಿ ಮಾಡ್ತಾನ, ಹಬ್ಬಕ್ಕ ಕುಷ್ಟಗಿಗೆ ಬರೋವಾಗ ಏರ್‌ಪೋರ್ಟಿಂದ ಒಂದು ವೈನ್ ಬಾಟ್ಲಿ ಹಿಡ್ಕೊಂಡು ಬರ್ತಾನ. ಹೋದ ಸಲ ತಂದಿದ್ದು ನನಗ ಭಾಳ ಸೇರ್ತು. ಅದನ್ನ ಇಲ್ಲೇ ತಗೋಬೇಕಂದ್ರ ನಮ್ಮ ಊರ ವೈನ್ ಶಾಪ್‌ನ್ಯಾಗ ವೈನ್ ಒಂದು ಬಿಟ್ಟು ಎಲ್ಲಾ ಸಿಗ್ತೈತಿ. ಬೆಂಗಳೂರಿಗೆ ಹೋದಾಗ ದೊಡ್ಡ ಅಂಗಡಿ ಹೊಕ್ಕು ಕೇಳಿದ್ರ ಆ ಹುಡುಗ "ಸರ್, ಕ್ಯಾಬರ್ನೆ ಕೊಡ್ಲಾ, ಶಿರಾಜ್ ಕೊಡ್ಲಾ?" ಅಂದ. ನಮ್ಮ ದೇಶದ ಬಾಟ್ಲಿ ಮ್ಯಾಲೆ ದ್ರಾಕ್ಷಿ ಹೆಸರು ಎದ್ದು ಕಾಣಂಗ ಇರ್ತೈತಿ, ಅದನ್ನ ನೋಡೇ ಮಂದಿ ತಗೊಂತಾರ. ದೂರ ಯಾಕ, ನಮ್ಮ ಕೊಪ್ಪಳ ಜಿಲ್ಲಾದಾಗನ ಕ್ಯಾಬರ್ನೆ ಸೋವಿನ್ಯೊನ್, ಸಾಂಜೊವೇಸೆ ಅಂತ ಬೆಳದು ವೈನ್ ಮಾಡೋರದಾರ, ಅವರೂ ಬರೀತಾರ. ನನ್ನ ಕಡೆ ಇದ್ದದ್ದು ಮೊಬೈಲ್‌ನ್ಯಾಗ ಬಾಟ್ಲಿ ಮ್ಯಾಲಿನ ಕೋಟೆ ಫೋಟೋ. ಅದನ್ನ ತೋರ್ಸಿದ್ರ ಆ ಹುಡುಗ ಚಿತ್ರದುರ್ಗದ ಟೂರ್ ಪ್ಯಾಕೇಜ್ ಕೇಳಿದಂಗ ನನ್ನ ಮಾರಿ ನೋಡಿದ.

ಅದಕ್ಕ ಈ ಸಲ ಅಣ್ಣ ಬಂದ ಕೂಡ್ಲೆ ಮೊದ್ಲ ಕೇಳ್ಕೊಂಡು ಬಿಡಬೇಕಂತ ಮಾಡಿದ್ದೆ. ಊಟ ಆದಮ್ಯಾಲೆ ಮಾಳಗಿ ಮ್ಯಾಲೆ ನೀರಿನ ಟಾಕಿ ಹಿಂದ ಕುಂತಿದ್ವಿ, ಕೈಯಾಗ ಸ್ಟೀಲ್ ಲೋಟ. ಅಣ್ಣ ಆ ಲೋಟ ಗರಗರ ತಿರಗಿಸ್ತಾನ, ಮೂಗು ತುರುಕ್ತಾನ, ಕಣ್ಮುಚ್ಚಿ ಹೂಂ ಅಂತಾನ.

"ಅಣ್ಣಾ, ಇದು ಯಾವ ದ್ರಾಕ್ಷೀದು?"

"ಬೋರ್ಡೋ."

"ಅದು ಊರಲ್ಲೇನು?"

"ಊರ."

"ದ್ರಾಕ್ಷಿ ಯಾವುದು ಮತ್ತ?"

"ತಮ್ಮಾ, ಬೋರ್ಡೋ ಅಂದ್ರ ಬೋರ್ಡೋ." ಮತ್ತ ಕಣ್ಮುಚ್ಚಿದ. ಹೋದ ಸಲದ್ದು ಯಾವುದಿತ್ತು ಅಂದೆ, "ರಿಯೋಹಾ" ಅಂದ. ಅದೂ ಊರೇನು ಅಂದೆ. "ಸೀಮಿ" ಅಂದ. ಇವನ ಲಗ್ನದಾಗ ಹುಡುಗಿ ಹೆಸರೇನಪಾ ಅಂತ ಕೇಳಿದ್ರೂ ಸಿಂಧನೂರು ಅಂತಿದ್ನೋ ಏನೋ.

ಅಷ್ಟರೊಳಗ ಮೆಟ್ಲ ಮ್ಯಾಲೆ ಕೆಮ್ಮಿದ ಸಪ್ಪಳ ಆತು, ದೊಡ್ಡಪ್ಪ. ಬಾಟ್ಲಿ ಟಾಕಿ ಹಿಂದ ಹೋತು, ಲೋಟ ಲುಂಗಿ ಒಳಗ ಹೋತು, ಆದ್ರ ಮಾತು ಮಾತ್ರ ಆಗ್ಲೇ ಅವರ ಕಿವಿಗೆ ಬಿದ್ದುಬಿಟ್ಟಿತ್ತು.

"ಏನಪಾ, ಬೋರ್ಡೋ ಅಂತಿದ್ರಿ?"

ದೊಡ್ಡಪ್ಪಂದು ಎಂಟು ಎಕರೆ ದಾಳಿಂಬ್ರಿ ಐತಿ ಅನ್ನೋದು ಇಲ್ಲಿ ಹೇಳಬೇಕು. ದಾಳಿಂಬ್ರಿ ಹಾಕಿದ ಮನೆಯಾಗ ಬೋರ್ಡೋ ಅಂದ್ರ ಒಂದ ಅರ್ಥ, ಮೈಲುತುತ್ತ ಸುಣ್ಣ ಕಲಸಿ ಅಂಗಮಾರಿಗೆ ಹೊಡಿಯೋ ಬೋರ್ಡೋ ದ್ರಾವಣ. ಹೊರದೇಶದಿಂದ ಬಂದ ಮಗ ರಾತ್ರಿ ಹೊತ್ತಿನ್ಯಾಗ ಔಷಧದ ಬಗ್ಗೆ ಮಾತಾಡಾಕ ಹತ್ಯಾನ ಅಂತ ಅವರಿಗೆ ಎಷ್ಟು ಖುಷಿ ಆತಂದ್ರ, ಅಲ್ಲೇ ಕಟ್ಟಿ ಮ್ಯಾಲೆ ಕುಂತ್ರು.

"ಎಷ್ಟು ಪರ್ಸೆಂಟ್ ಐತಿ ಅಂತ ಗೊತ್ತೈತೇನು ನಿನಗ?"

ನಮ್ಮಣ್ಣ ಎರಡು ಲೋಟದ ಮ್ಯಾಲೆ ಇದ್ದ. ಗಂಭೀರ ಆಗಿ "ಹದಿಮೂರುವರಿ" ಅಂದುಬಿಟ್ಟ.

"ಹದಿಮೂರುವರೀ!" ದೊಡ್ಡಪ್ಪ ಎದ್ದ ನಿಂತ್ರು. "ಲೇ ಒಂದು ಪರ್ಸೆಂಟ್ ಹೊಡಿತೀವೋ ನಾವು! ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದಿಮೂರುವರಿ ಹಾಕಿದ್ರ ಎಲಿ ಉಳೀತಾವೇನೋ?"

"ಅಲ್ಲಿ ಅಷ್ಟ ಇರ್ತೈತಪ್ಪಾ" ಅಂದ ಇಂವ.

"ಚಾಕು ಅದ್ದಿ ನೋಡ್ತಾರೇನು?"

"ಇಲ್ಲಪ್ಪಾ, ಮೂಸಿ ನೋಡ್ತಾರ."

ಮೂಸಿ ನೋಡೋ ದೇಶಕ್ಕ ಮಗನ್ನ ಕಳ್ಸಿ ತಪ್ಪಾತು ಅನ್ನೋ ಮಾರಿ ಮಾಡ್ಕೊಂಡು ದೊಡ್ಡಪ್ಪ ನಮ್ಮಿಬ್ರಿಗೂ ಕಲಿಸಿದ್ರು ನೋಡ್ರಿ, ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ಕಲಸ್ಬೇಕು, ಮೈಲುತುತ್ತ ಬ್ಯಾರೆ ಸುಣ್ಣ ಬ್ಯಾರೆ ಕರಗಿಸ್ಬೇಕು, ತಿಕ್ಕಿ ಬೆಳ್ಳಗ ಮಾಡಿದ ಕಬ್ಬಿಣದ ಚಾಕು ಅದ್ದಿ ತಗದಾಗ ಅದರ ಮ್ಯಾಲೆ ಕೆಂಪಗ ತಾಮ್ರ ಕುಂತಿತಂದ್ರ ಸುಣ್ಣ ಕಮ್ಮಿ ಆಗೈತಿ ಅಂತ, ಇನ್ನೊಂದಿಷ್ಟು ಹಾಕು. ಇಬ್ರೂ ಉಸಿರು ಹೊರಗ ಬಿಡದಂಗ ತಲಿ ಆಡ್ಸಿದ್ವಿ. ಲುಂಗಿಯೊಳಗಿನ ಲೋಟ ಸೋರಾಕ ಹತ್ತಿತ್ತು. ಬಿಳೇ ಲುಂಗಿ, ಕೆಂಪ್ ವೈನು. ಕತ್ಲಿ ಇತ್ತು, ಉಳಕೊಂಡ್ವಿ.

ರಾತ್ರಿ ನಿದ್ದಿ ಬರದ ಹುಡುಕಿ ನೋಡಿದ್ರ ದೊಡ್ಡಪ್ಪನ ಬೋರ್ಡೋ ಅಣ್ಣನ ಬೋರ್ಡೋ ಎರಡೂ ಫ್ರಾನ್ಸಿನ ಒಂದ ಊರಿಂದು! ಆ ಸೀಮಿಯಾಗ ರಸ್ತೆ ದಂಡಿ ಬಳ್ಳಿ ಹಣ್ಣು ಮಂದಿ ಕದೀಬಾರ್ದಂತ ರೈತರು ಮೈಲುತುತ್ತ ಸುಣ್ಣ ಬಳೀತಿದ್ರಂತ, ಹಂಗ ಬಳಿದ ಬಳ್ಳಿಗೆ ರೋಗ ಬರಾಂಗಿಲ್ಲ ಅನ್ನೋದನ್ನ ಮಿಲಾರ್ಡೆ ಅನ್ನೋ ವಿಜ್ಞಾನಿ ಗಮನಿಸಿ 1885ರಾಗ ಪ್ರಕಟ ಮಾಡಿದ. ಅಲ್ರೀ, ಗಿಡಕ್ಕ ಹೊಡಿಯೋದ್ರಾಗ ಏನೈತಿ ಅಂತ ಕಿಲೋ ಲೆಕ್ಕದಾಗ ಜಗತ್ತಿಗೆಲ್ಲಾ ಹೇಳಿದ ಊರು, ಮನಷ್ಯಾರು ಕುಡಿಯೋದ್ರಾಗ ಏನೈತಿ ಅಂತ ಯಾಕ ಬರ್ಯಾಂಗಿಲ್ಲ?

ಯಾಕಂದ್ರ ಅವರ ಕಾನೂನ ಹಂಗೈತಿ. ಫ್ರಾನ್ಸ್‌ನ್ಯಾಗ 1935ರಿಂದ, ಯಾವ ಊರ ಹೆಸರು ಹಾಕೋ ವೈನಿಗೆ ಯಾವ ದ್ರಾಕ್ಷಿ ಹಾಕಬೇಕು ಅಂತ ನಿಗದಿ ಮಾಡಿಬಿಟ್ಟಾರ. ಊರು ಗೊತ್ತಿದ್ರ ದ್ರಾಕ್ಷಿ ಗೊತ್ತು. ಕೆಂಪ್ ಬೋರ್ಡೋ ಅಂದ್ರ ಮುಖ್ಯ ಆಗಿ ಕ್ಯಾಬರ್ನೆ ಸೋವಿನ್ಯೊನ್, ಮೆರ್ಲೋ, ಕ್ಯಾಬರ್ನೆ ಫ್ರಾಂಕ್ ಕಲಸಿದ್ದು, ಅದೂ ನದಿ ಎಡದಂಡಿ ಆದ್ರ ಕ್ಯಾಬರ್ನೆ ಜಾಸ್ತಿ, ಬಲದಂಡಿ ಆದ್ರ ಮೆರ್ಲೋ ಜಾಸ್ತಿ. ಬರ್ಗಂಡಿ ಸೀಮಿ ಕೆಂಪಂದ್ರ ಪಿನೋ ನ್ವಾರ್, ಬಿಳೀದಂದ್ರ ಶಾರ್ಡನೇ. ಶಾಬ್ಲಿ ಅಂದ್ರೂ ಶಾರ್ಡನೇನ, ಬರ್ಯಾಕ ಏನ್ ಧಾಡಿ? ಬರ್ಗಂಡಿ ದಕ್ಷಿಣಕ್ಕಿರೋ ಬೋಜೊಲೆ ಅಂದ್ರ ಗಾಮೇ. 1395ರಾಗ ಬರ್ಗಂಡಿ ದೊರಿ ಫಿಲಿಪ್ ಈ ಗಾಮೇ ಬಳ್ಳಿ ಕಿತ್ತೊಗೀರಿ ಅಂತ ಹುಕುಂ ಹೊರಡಿಸಿದ್ದ, ಪಾಪ ಅದು ಆ ಕಡೆ ಗುಡ್ಡದಾಗ ಉಳ್ಕೊಂತು. ಪೂಯೀ ಫ್ಯೂಮೆ, ಪೂಯೀ ಫ್ವಿಸ್ಸೆ ಅಂತ ಎರಡು ವೈನ್ ಅದಾವು, ಒಂದು ಸೋವಿನ್ಯೊನ್ ಬ್ಲಾಂ, ಇನ್ನೊಂದು ಶಾರ್ಡನೇ. ರಿಯೋಹಾ ಸ್ಪೇನಿಂದು, ಕೆಂಪಿನ್ಯಾಗ ಮುಖ್ಯ ಆಗಿ ಟೆಂಪ್ರನಿಯೊ (ಅಂದ್ರ ನನಗ ಸೇರಿದ್ದು ಇದು, ಇಷ್ಟು ತಿಳಿಯಾಕ ಒಂದು ರಾತ್ರಿ ನಿದ್ದಿ ಹೋತು). ಫ್ರಾನ್ಸಿನೋರೊಳಗ ಆಲ್ಸಾಸ್ ಸೀಮಿಯೋರು ಹೆಚ್ಚಾಗಿ ಬಾಟ್ಲಿ ಮ್ಯಾಲೆ ದ್ರಾಕ್ಷಿ ಹೆಸರು ಹಾಕ್ತಾರ, ಅವರಿಗೆ ಪುಣ್ಯ ಬರ್ಲಿ.

ಮರುದಿನ ಅಣ್ಣನ್ನ ಹಿಡ್ಕೊಂಡು ಜಗಳ ತಗದೆ. ಅಂವ ಚಾ ಸೊರ್ ಅಂತ ಕುಡದು ಹೇಳ್ತಾನ, "ಕಿರಾಣಿ ಅಂಗಡಿಗೆ ಹೋಗಿ ಗಂಗಾವತಿ ಅಕ್ಕಿ ಕೊಡ್ರಿ ಅಂತೀಯೋ ಇಲ್ಲೋ? ಅದ್ರಾಗ ಸೋನಾ ಮಸೂರಿ ಇರ್ತೈತಂತ ನಿನಗ ಯಾರ್ ಹೇಳ್ಯಾರ?" ಬಾಯಿ ಮುಚ್ಚಿತು. ಖರೇ ಹೇಳ್ಬೇಕಂದ್ರ ಆ ಬೋರ್ಡೋಕ್ಕಿಂತ ಇದು ನನಗ ಜಾಸ್ತಿ ಉರೀತು, ಯಾಕಂದ್ರ ಉತ್ತರ ಸರಿ ಇತ್ತು.

ದೊಡ್ಡಪ್ಪನ ಹೊಲದಾಗ ದಾಳಿಂಬ್ರಿಗಿಂತ ಮೊದ್ಲ ದ್ರಾಕ್ಷಿ ಇತ್ತು. ಅನಾಬ್-ಎ-ಶಾಹಿ, ಗೋಲಿ ಗಾತ್ರದ ಹಸರು ಬಿಳುಪು ಹಣ್ಣು, ಬೀಜ ಉಗುಳ್ಕೋತ ತಿನ್ನಬೇಕು. ಆಗ ಚಪ್ಪರದ ಕೆಳಗ ಓಡ್ಯಾಡೋ ನಮಗೆಲ್ಲಾ ದ್ರಾಕ್ಷಿ ಹೆಸರು ಬಾಯಾಗಿತ್ತು. ಬೋರ್ ಬತ್ತಿತು, ಚಪ್ಪರದ ಕಲ್ಲು ಕಿತ್ತು ಮಾರಿದ್ರು. ಈಗ ಬಸ್‌ಸ್ಟ್ಯಾಂಡ್ ಹತ್ರ ಗಾಡಿಯೋರು ಸೋನಾಕಾ, ಶರದ್ ಅಂತ ಒದರ್ತಾರ, ಬೀಜ ಇಲ್ಲ, ಎಲ್ಲಿಂದ ಬಂತಂತ ಯಾರೂ ಕೇಳಾಂಗಿಲ್ಲ. ಅನಾಬ್ ಅಂದ್ರ ನಮ್ಮ ಹುಡುಗ್ರಿಗೆ ಗೊತ್ತ ಇಲ್ಲ.

ಅಣ್ಣ ವಾಪಸ್ ಹೋಗೋವಾಗ ಏರ್‌ಪೋರ್ಟಿಂದ ವಾಟ್ಸಾಪ್ ಮಾಡಿದ, ಮುಂದಿನ ಸಲ ಏನ್ ತರ್ಲಿ ಅಂತ. ದ್ರಾಕ್ಷಿ ಹೆಸರು ಇರೋದು ತಾರಪಾ, ಕೈ ಮುಗಿತೀನಿ ಅಂದೆ. "ಹಂಗಾರ ಮೊಂಟೆಪುಲ್ಚಾನೊ ತರ್ತೀನಿ, ಅದು ದ್ರಾಕ್ಷಿ ಹೆಸರ ಐತಿ" ಅಂದ. ನಾನೂ ಈಗ ಓದ್ಕೊಂಡೀನಲ್ಲ, ಬಿಡ್ಲಿಲ್ಲ. ಅಬ್ರುಝೋ ಕಡೆ ಅದು ದ್ರಾಕ್ಷಿ ಹೆಸರು, ಖರೇ. ಆದ್ರ ಟಸ್ಕನಿಯೊಳಗ ಅದ ಹೆಸರಿನ ಊರೊಂದೈತಿ, ಆ ಊರಿನ ವಿನೋ ನೋಬಿಲೆ ಮುಖ್ಯ ಆಗಿ ಸಾಂಜೊವೇಸೆದಿಂದ ಮಾಡ್ತಾರ. ಹಿಂಗೈತಿ ಅಣ್ಣಾ, ನೀ ತರೋದು ದ್ರಾಕ್ಷಿ ಮೊಂಟೆಪುಲ್ಚಾನೊನೋ ಊರ ಮೊಂಟೆಪುಲ್ಚಾನೊನೋ ಅಂತ ಉದ್ದಕ ಬರದು ಕಳ್ಸಿದೆ.

ಟೈಪಿಂಗ್ ಅಂತ ಬಂತು, ಹೋತು, ಮತ್ತ ಬಂತು.

"ಇಟಲಿ" ಅಂತ ಕಳ್ಸಿದ.