38ರವರೆಗೆ ಜಾಹೀರಾತು, ಆಮೇಲೆ ಹುಳ

ಕೊಪ್ಪಳದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಗವಿಮಠದ ಜಾತ್ರೆ ಹತ್ತಿರ ಬಂತು ಅಂದರೆ ಊಟಕ್ಕೂ ಪುರುಸೊತ್ತಿರಲ್ಲ. ಉಳಿದ ದಿನ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ. ಫೋಟೊದಲ್ಲಿ ಇದ್ದವರನ್ನೆಲ್ಲ ಬೆಳ್ಳಗೆ ಮಾಡಿಕೊಡುವುದೇ ನನ್ನ ಕಸುಬು ಅನ್ನಿ. ರಾತ್ರಿ ಶಟರ್ ಅರ್ಧ ಇಳಿಸಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುತ್ತೇನೆ. 'ಈ ವಯಸ್ಸಿನಾಗ ಇದೇನ್ರೀ ನಿಮಗ' ಅಂತ ಕೇಳುವವರಿಗೆ ನಾನು ಮಕ್ಕಳ ಪುಸ್ತಕಗಳ ಚಿತ್ರಕಾರ ಎರಿಕ್ ಕಾರ್ಲ್ ಕಥೆ ಹೇಳುತ್ತೇನೆ.

ಕಾರ್ಲ್ ಹುಟ್ಟಿದ್ದು 1929ರಲ್ಲಿ, ಅಮೆರಿಕದಲ್ಲಿ. ಆರು ವರ್ಷದವನಿದ್ದಾಗ ಅಪ್ಪ ಅಮ್ಮ ಜರ್ಮನಿಗೆ ಕರೆದುಕೊಂಡು ಹೋದರು. ಹಿಟ್ಲರ್ ಕಾಲ. ಅಪ್ಪ ಯುದ್ಧಕ್ಕೆ ಹೋಗಿ ರಷ್ಯನ್ನರ ಕೈಗೆ ಸೆರೆ ಸಿಕ್ಕರು. ಆ ಕಾಲದಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಈ ಹುಡುಗನನ್ನು ಮನೆಗೆ ಕರೆದು, ಸರ್ಕಾರ ನಿಷೇಧಿಸಿದ್ದ ಚಿತ್ರಗಳನ್ನು ಗುಟ್ಟಾಗಿ ತೋರಿಸಿದ್ದರಂತೆ. ಸಿಕ್ಕಿಬಿದ್ದಿದ್ದರೆ ಮೇಷ್ಟ್ರ ಗತಿ ಏನು ಅಂತ ನಾನು ಆಗಾಗ ಯೋಚಿಸುತ್ತೇನೆ. 1952ರಲ್ಲಿ ಕಾರ್ಲ್ ನ್ಯೂಯಾರ್ಕ್‌ಗೆ ವಾಪಸ್ ಬಂದಾಗ ಜೇಬಲ್ಲಿ ಇದ್ದದ್ದು 40 ಡಾಲರ್. ಮೊದಲು ಪತ್ರಿಕೆಯಲ್ಲಿ ಕೆಲಸ, ಆಮೇಲೆ ಜಾಹೀರಾತು ಕಂಪನಿ. ಒಂದು ಜಾಹೀರಾತಿಗೆ ಕೆಂಪು ಲಾಬ್‌ಸ್ಟರ್ ಮಾಡಿದ್ದರು. ಸಿಗಡಿಯ ದೊಡ್ಡಣ್ಣ ಅಂದುಕೊಳ್ಳಿ. ಅದನ್ನು ನೋಡಿದ ಬಿಲ್ ಮಾರ್ಟಿನ್ ಎಂಬ ಲೇಖಕರು ನನ್ನ ಪುಸ್ತಕಕ್ಕೆ ಚಿತ್ರ ಮಾಡಿಕೊಡಿ ಎಂದರು. ಅದು ಬಂದದ್ದು 1967ರಲ್ಲಿ. ಕಾರ್ಲ್‌ಗೆ ಆಗಲೇ 38.

ಎರಡು ವರ್ಷಕ್ಕೆ ಹಸಿದ ಕಂಬಳಿಹುಳದ ಪುಸ್ತಕ ಬಂತು, ಕಥೆ ಚಿತ್ರ ಎರಡೂ ಅವರದೇ. ಸುಮ್ನೆ ಪಂಚಿಂಗ್ ಮಷಿನ್‌ನಲ್ಲಿ ಹಾಳೆಗಳಿಗೆ ತೂತು ಹೊಡೆಯುತ್ತಾ ಕೂತಿದ್ದಾಗ, ಪುಸ್ತಕ ತಿನ್ನುವ ಹುಳ ನೆನಪಾಯಿತಂತೆ. ಸಂಪಾದಕಿ ಕಂಬಳಿಹುಳ ಮಾಡೋಣ ಎಂದರು. ತೂತಿರುವ ಪುಟಗಳನ್ನು ಕಡಿಮೆ ಖರ್ಚಲ್ಲಿ ಮಾಡಿಕೊಡುವ ಪ್ರೆಸ್ ಅಮೆರಿಕದಲ್ಲಿ ಸಿಗದೆ ಜಪಾನಿನಲ್ಲಿ ಅಚ್ಚು ಹಾಕಿಸಿದರು. ಈಗ 5 ಕೋಟಿಗೂ ಜಾಸ್ತಿ ಪ್ರತಿ ಹೋಗಿದೆ.

ನನ್ನ ಹತ್ತಿರ ಒಂದು ಪ್ರತಿ ಇದೆ. ಪಕ್ಕದ ಚಹಾ ಅಂಗಡಿಯವರ ನಾಲ್ಕು ವರ್ಷದ ಮಗಳು ದಿನಾ ಬಂದು ಅದನ್ನೇ ಕೇಳುತ್ತಾಳೆ. ಸೋಮವಾರದ ಪುಟ ಕಿರಿದು, ಹುಳ ತಿನ್ನುತ್ತಾ ಹೋದಂತೆ ಪುಟವೂ ಅಗಲ. ಸೇಬಿನ ತೂತಿಗೆ ಕಿರುಬೆರಳು ತೂರಿಸಿ, ಪುಟ ತಿರುಗಿಸಿ, ಆ ಕಡೆಯಿಂದ ತನ್ನ ಬೆರಳನ್ನೇ ನೋಡುತ್ತಾಳೆ. 'ಹುಳಾ ಹೊರಗ ಬಂತು ಕಾಕಾ!' ಆ ಪುಟದ ಇಂಗ್ಲಿಷ್ ಅವಳಿಗೆ ಗೊತ್ತಿಲ್ಲ. ಬೇಕಾಗಿಯೂ ಇಲ್ಲ.

ನನ್ನ ತಕರಾರು ಇಲ್ಲೇ ಇರುವುದು. ನಮ್ಮಲ್ಲಿ ಚಿತ್ರ ಅಂದರೆ ಕಥೆ ಮುಗಿದ ಮೇಲೆ ಹಚ್ಚುವ ಸುಣ್ಣಬಣ್ಣ. 'ಮಕ್ಕಳ ಪುಸ್ತಕ ಅಲ್ವಾ, ನಾಲ್ಕು ಗೊಂಬೆ ಹಾಕಿಕೊಡಿ' ಅನ್ನುತ್ತಾರೆ. ಒಮ್ಮೆ ಒಬ್ಬ ಲೇಖಕರ ಕಥೆಯಲ್ಲಿ, ಕೆಂಪು ಲಂಗದ ಹುಡುಗಿ ಬೇವಿನ ಮರದ ಕೆಳಗೆ ಅಳುತ್ತಾ ಕೂತಿದ್ದಳು ಅಂತ ಇತ್ತು. ಲಂಗ, ಬೇವು, ಅಳು ಎಲ್ಲ ಬಿಡಿಸಿದೆ. 'ಸರ್, ಈಗ ಈ ಸಾಲು ಬೇಡ' ಎಂದೆ. 'ನಿಮ್ಮ ಚಿತ್ರಕ್ಕಂತ ನನ್ನ ಸಾಲು ತೆಗೀಬೇಕೇನ್ರೀ?' ಎಂದರು. ಪುಸ್ತಕ ಬಂದಾಗ ಸಾಲು ಹಾಗೇ ಇತ್ತು, ಚಿತ್ರ ಅರ್ಧಕ್ಕೆ ಇಳಿದಿತ್ತು. ನನ್ನ ಹೆಸರು ಕೊನೆ ಪುಟದಲ್ಲಿ, ಪ್ರೆಸ್ ವಿಳಾಸದ ಕೆಳಗೆ. ಚಿತ್ರಕ್ಕೆ 200 ರೂಪಾಯಿ. ಒಂದು ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಅದಕ್ಕೇ ಈ ಸಲ ಕಥೆಯೂ ನನ್ನದೇ. ಜಗಳ ಆಡುವುದಿದ್ದರೆ ನನ್ನ ಜೊತೆಗೇ ಆಗಲಿ ಅಂತ. ಎಂಟು ಹಾಳೆ ನಡುವೆ ಮಡಚಿ ಹೊಲಿದರೆ 32 ಪುಟ. ಅಚ್ಚಿಗೆ ಮುಂಚೆ ಕೈಯಲ್ಲೇ ಮಾಡಿಕೊಳ್ಳುವ ಇಂಥ ಮಾದರಿ ಪುಸ್ತಕ, ಅಂದರೆ ಡಮ್ಮಿ, ಈಗ ಆರನೆಯದು. ಮೊದಲನೆಯದರಲ್ಲಿ ಪುಟದ ತುಂಬಾ ಮಾತು. ಆ ಲೇಖಕರನ್ನು ಬೈದವನೇ ನಾನು! ಸಾಲು ಹೊಡೆದು ಹಾಕುವಾಗ ನನಗೂ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಕಥೆ ತುಂಗಭದ್ರಾ ಕಾಲುವೆಗೆ ನೀರು ಬಿಡುವ ದಿನದ್ದು. 18, 19ನೇ ಪುಟಗಳಲ್ಲಿ ಒಂದಕ್ಷರವೂ ಇಲ್ಲ, ಅಂಚಿನಿಂದ ಅಂಚಿಗೆ ಕೆಂಪು ನೀರು. ನಿನ್ನೆ ಚಹಾ ಅಂಗಡಿಯ ಹುಡುಗಿಗೆ ತೋರಿಸಿದೆ. ಬಹಳ ಹೊತ್ತು ಬೆರಳಾಡಿಸಿದಳು. ಆಮೇಲೆ, 'ನೀರ ಬಂದೈತಿ, ಕಪ್ಪಿ ಎಲ್ಲೈತಿ ಕಾಕಾ?' ಎಂದಳು.

ಕಪ್ಪೆ ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಬಿಡಿಸಬೇಕು.