ಒಂಟಿ ಕಾಲು, ಜೋಡಿ ಕಾಲು

ನಿಘಂಟಿನಲ್ಲಿ ಇಂಗ್ಲಿಷಿನ 'ಫುಟ್' ಪರಮ ಸಾಧು. ಪಾದ, ಅಡಿ, ಬುಡ, ಮುಗಿಯಿತು. ನುಡಿಗಟ್ಟಿನೊಳಗೆ ಹೊಕ್ಕಿತೋ, ಒದೆಯಲು ಶುರು.

'ಪುಟ್' ಜೊತೆ ಅದು ಹೂಡಿರುವ ಸಂಸಾರವನ್ನೇ ನೋಡಿ. 'ಪುಟ್ ಯುವರ್ ಫುಟ್ ಡೌನ್' ಎಂದರೆ ಪಟ್ಟು ಹಿಡಿದು ಕೂಡದು ಎನ್ನುವುದು. 'ಪುಟ್ ಯುವರ್ ಫೀಟ್ ಅಪ್' ಎಂದರೆ ಕಾಲು ಚಾಚಿ ಹಾಯಾಗಿರುವುದು. ದಣಿದು ಬಂದ ಮೇಲಧಿಕಾರಿಗೆ ಮೊದಲನೆಯದನ್ನು ಹೇಳಿದಿರೋ, ಕುರ್ಚಿ ಕೊಡಲು ಹೋಗಿ ಜಗಳಕ್ಕೆ ಹುರಿದುಂಬಿಸಿದಂತಾಯಿತು. ಕಾರು ಓಡಿಸುತ್ತಿರುವವರಿಗಂತೂ ಹೇಳಲೇಬೇಡಿ. ಬ್ರಿಟನ್ನಿನ ಬಳಕೆಯಲ್ಲಿ ಅದಕ್ಕೆ ಆಕ್ಸಿಲರೇಟರ್ ಒತ್ತು ಎಂಬ ಅರ್ಥವೂ ಉಂಟು.

'ಪುಟ್ ಯುವರ್ ಫುಟ್ ಇನ್ ಇಟ್' ಬಾಯಿಂದಾಗುವ ಎಡವಟ್ಟು. "ಇವರು ನಿಮ್ಮ ತಂದೆಯವರಾ?" ಎಂದು ಕೇಳಿದಾಗ "ಅಲ್ಲ, ನಮ್ಮ ಯಜಮಾನರು" ಎಂಬ ಉತ್ತರ ಬರುತ್ತದಲ್ಲ, ಅದೇ. ಆ 'ಇಟ್' ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ, ತುಳಿದವರಿಗೆ ಗೊತ್ತಿರುತ್ತದೆ.

ಇನ್ನು ಏಕವಚನ, ಬಹುವಚನದ ಕಾಟ: ಒಂದಾದರೆ 'ಫುಟ್', ಹೆಚ್ಚಾದರೆ 'ಫೀಟ್'. ಕೊನೆ ಗಳಿಗೆಯಲ್ಲಿ ಧೈರ್ಯ ಉಡುಗಿದರೆ 'ಕೋಲ್ಡ್ ಫೀಟ್'. ಎರಡೂ ಕಾಲು ತಣ್ಣಗಾಗಲೇಬೇಕು. 'ಕೋಲ್ಡ್ ಫುಟ್' ಎಂದರೆ ಒಂದೇ ಕಾಲುಚೀಲ ಸಿಕ್ಕವನ ಪಾಡು. 'ಫುಟ್ ಇನ್ ದ ಡೋರ್' ಮಾತ್ರ ಒಂಟಿ ಕಾಲಿನದು: ಬಾಗಿಲು ಮುಚ್ಚದಂತೆ ಸಂದಿಗೆ ಪಾದ ತೂರಿಸುವ ಚಿತ್ರ, ಒಳಸೇರಲು ಸಿಕ್ಕ ಮೊದಲ ಅವಕಾಶ ಎಂಬ ಅರ್ಥ. ಎರಡೂ ತೂರಿಸಿದರೆ ಬೆನ್ನು ನೆಲಕ್ಕೆ. 'ಡ್ರ್ಯಾಗ್ ಯುವರ್ ಫೀಟ್' ನಮ್ಮ ಮೀನಮೇಷ ಎಣಿಸುವುದಕ್ಕೆ ಹತ್ತಿರ, ಆದರೆ ಇಲ್ಲಿ ತಡ ಮಾಡುವುದು ಬೇಕೆಂದೇ.

'ಫುಟ್ ದ ಬಿಲ್'ನಲ್ಲಿ ಕಾಲೇ ಇಲ್ಲ. ಲೆಕ್ಕ ಕೂಡಿ ಮೊತ್ತವನ್ನು ಪಟ್ಟಿಯ ಬುಡದಲ್ಲಿ ಬರೆಯುವ ರೂಢಿಯಿಂದ ಬಂದ ಕ್ರಿಯಾಪದ ಅದು. ಈಗ ಹಣ ತೆರುವುದು ಎಂದರ್ಥ, ಸಾಮಾನ್ಯವಾಗಿ ಬೇರೆಯವರ ಪಾಲಿನದನ್ನೂ. ಎದುರಿಗಿದ್ದವರು ಹಾಗೆಂದಾಗ ಬಿಲ್ಲನ್ನು ಒದೆಯುತ್ತಾರೇನೋ ಎಂದು ಗಾಬರಿಯಾಗಿ ನೀವೇ ಪರ್ಸ್ ತೆಗೆದರೆ, ಅವರು ತಡೆಯುತ್ತಾರೆಂಬ ಭರವಸೆ ಬೇಡ.

'ಸಿಕ್ಸ್ ಫೀಟ್ ಅಂಡರ್' ಬರೀ ಅಳತೆ. 6 ಅಡಿ, ಅಂದರೆ ಸುಮಾರು 1.83 ಮೀಟರ್ ಮಣ್ಣಿನ ಕೆಳಗೆ, ಮನುಷ್ಯ ತೀರಿಕೊಂಡಿದ್ದಾನೆ. ಆರಡಿ ಮೂರಡಿ ನಮಗೇನೂ ಹೊಸದಲ್ಲ, ನಮ್ಮದು ಉದ್ದಗಲದ ಲೆಕ್ಕ, ಅವರದು ಆಳದ್ದು. ನೆಲಮಾಳಿಗೆಯಲ್ಲಿ ಕೂತ ಸಹೋದ್ಯೋಗಿಯನ್ನು ಕೇಳಿಕೊಂಡು ಫೋನ್ ಬಂದಾಗ "ಹೀ ಈಸ್ ಸಿಕ್ಸ್ ಫೀಟ್ ಅಂಡರ್" ಎಂದುಬಿಟ್ಟರೆ, ಸಂಜೆಯೊಳಗೆ ಹೂವಿನ ಹಾರ ಬರುತ್ತದೆ. ಮೇಲೆ ಹತ್ತಿ ಬಂದು ಸಹಿ ಹಾಕಿ ತೆಗೆದುಕೊಳ್ಳಬೇಕಾದವರು ಆ ಸಹೋದ್ಯೋಗಿಯೇ.