ವರಾಡ ಕೊಡದೆ ಊಟಕ್ಕೆ ಕೂರುವವರು

ಇಲ್ಲಿ ಅಮೆರಿಕದಲ್ಲಿ ನನ್ನ ಗೆಳೆಯನೊಬ್ಬ ನ್ಯೂಜೆರ್ಸಿಯಿಂದ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಗೆ ಮನೆ ಬದಲಿಸಿದ, ಹೋದವನೇ ಹೆಲ್ತ್ ಇನ್ಶೂರೆನ್ಸ್ ಬಿಟ್ಟ. ಸ್ವಂತ ಉದ್ಯೋಗ, ಆಫೀಸಿನವರು ಕಟ್ಟುವ ಹಾಗಿಲ್ಲ. "ನನ್ನ ದುಡ್ಡು, ನನ್ನ ಮೈ, ನನ್ನಿಷ್ಟ" ಅನ್ನುತ್ತಾನೆ.

ಕಾನೂನು ಅವನ ಕಡೆಗೇ ಇದೆ. 2010ರ ಒಬಾಮಾ ಕಾಲದ ಹೆಲ್ತ್ ಇನ್ಶೂರೆನ್ಸ್ ಕಾಯ್ದೆ ಪ್ರಕಾರ 2014ರಿಂದ ಇನ್ಶೂರೆನ್ಸ್ ಇಲ್ಲದವರಿಗೆ ದಂಡ ಇತ್ತು. 2019ರಿಂದ ಕೇಂದ್ರ ಸರ್ಕಾರ ಅದನ್ನ ಸೊನ್ನೆ ಮಾಡಿತು. ಅದೇ ವರ್ಷ ನ್ಯೂಜೆರ್ಸಿ ತನ್ನದೇ ದಂಡ ತಂದಿತು, ಪೆನ್ಸಿಲ್ವೇನಿಯಾ ಸುಮ್ನಿದೆ.

2012ರಲ್ಲಿ, ಇನ್ಶೂರೆನ್ಸ್ ಕೊಳ್ಳಲೇಬೇಕು ಅನ್ನುವ ಈ ನಿಯಮ ಇಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿದ್ದಾಗ ನ್ಯಾಯಮೂರ್ತಿ ಸ್ಕಾಲಿಯಾ, ಹಾಗಾದರೆ ಬ್ರೊಕೊಲಿ ತರಕಾರಿ ಕೊಳ್ಳಿ ಅಂತಲೂ ಸರ್ಕಾರ ಹೇಳಬಹುದಾ ಅನ್ನೋ ಅರ್ಥದ ಪ್ರಶ್ನೆ ಎತ್ತಿದ್ದರು. ಚೆನ್ನಾಗಿದೆ. ಆದರೆ ಬ್ರೊಕೊಲಿ ತಿನ್ನದೆ ಇರುವವನನ್ನ ಆಂಬುಲೆನ್ಸಲ್ಲಿ ಹೊತ್ತೊಯ್ದು ಯಾರೂ ತಿನ್ನಿಸುವುದಿಲ್ಲ ಅಲ್ವಾ? ಇಲ್ಲಿ 1986ರಿಂದ ಒಂದು ಕಾನೂನಿದೆ: ಎಮರ್ಜೆನ್ಸಿಗೆ ಬಂದವರ ಹತ್ತಿರ ದುಡ್ಡಿರಲಿ ಬಿಡಲಿ, ಜೀವಕ್ಕೆ ಅಪಾಯ ಇಲ್ಲ ಅನ್ನುವ ತನಕ ನೋಡಲೇಬೇಕು. ಬಿಲ್ಲೇನೋ ಬರುತ್ತದೆ, ಕಟ್ಟಲಾಗದಿದ್ದರೆ ಆ ಭಾರ ಒಂದಷ್ಟು ಆಸ್ಪತ್ರೆ ಮೇಲೆ, ಒಂದಷ್ಟು ತೆರಿಗೆ ಕಟ್ಟುವವರ ಮೇಲೆ. ಅಂದರೆ ಇಷ್ಟ ಅವನದು, ಖರ್ಚು ನಮ್ಮದೂ.

ನಮ್ಮ ಸೋದರಮಾವನದೂ ಇದೇ ಕಥೆ. 2003ರಲ್ಲಿ ಕರ್ನಾಟಕದಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ವಿಮೆ ಶುರುವಾದಾಗ ವರ್ಷಕ್ಕೆ ಬರೀ 60 ರೂಪಾಯಿ. ಸೊಸೈಟಿ ಸೆಕ್ರೆಟರಿ ಮನೆಗೇ ಬಂದು ಕೇಳಿದರೆ "ಗಟ್ಟಿಮುಟ್ಟಾಗಿದ್ದೀನಿ, ನನಗ್ಯಾಕಯ್ಯಾ ಅದು" ಅಂದು ಕಳಿಸಿದರು. ಮುಂದೆ ಹರ್ನಿಯಾ ಅಂತ ಗೊತ್ತಾದ ಮೇಲೆ ತಾವೇ ಹುಡುಕಿಕೊಂಡು ಹೋಗಿ ಕಟ್ಟಿದರು! ಎಲ್ಲರೂ ಹೀಗೆ ಕಾಯಿಲೆ ಬಂದ ಮೇಲೆ ಬಂದರೆ ಯಾವ ಯೋಜನೆ ಉಳಿಯುತ್ತೆ? ಅದೇ ಮಾವ ಊರ ಜಾತ್ರೆಗೆ ವರಾಡ, ಅಂದರೆ ಮನೆಮನೆಯಿಂದ ಎತ್ತುವ ಪಾಲಿನ ದುಡ್ಡು, ಕೊಡುವುದನ್ನ ಒಂದು ವರ್ಷವೂ ತಪ್ಪಿಸಿದವರಲ್ಲ. ವರಾಡ ಕೊಡದೆ ಪರಾವಿನ, ಅಂದರೆ ಊರಿಗೆಲ್ಲ ಒಟ್ಟಿಗೆ ಹಾಕುವ, ಊಟಕ್ಕೆ ಕೂರುವುದು ನಾಚಿಕೆ ಅಂತ.

ಆದರೆ ಗೆಳೆಯ ಹೇಳುವ ಇನ್ನೊಂದು ಮಾತನ್ನ ತಳ್ಳಿಹಾಕಲಾರೆ. ವರಾಡ ಹಾಕುವಾಗ ಊರಲ್ಲಿ ಮನೆ ನೋಡಿ ಹಾಕುತ್ತಾರೆ, ಇಲ್ಲದವರಿಗೆ ಬಿಡುತ್ತಾರೆ. ಇಲ್ಲಿ ಮೂಲ ಒಬಾಮಾ ಕಾಯ್ದೆಯಲ್ಲಿ ಆದಾಯ ಒಂದು ಗೆರೆ ದಾಟಿತೋ, ಪ್ರೀಮಿಯಮ್ಮಿಗೆ ಸರ್ಕಾರ ಕೊಡುವ ಸಹಾಯಧನ ಪೂರ್ತಿ ಬಂದ್. ಸ್ವಂತ ಉದ್ಯೋಗದವರಿಗೆ ಮನೆ ಬಾಡಿಗೆಗಿಂತ ಪ್ರೀಮಿಯಮ್ಮೇ ಜಾಸ್ತಿ ಆಗಿಬಿಡಬಹುದು. ಬೆಲೆ ಕೈಗೆಟುಕದೆ ಬಿಟ್ಟೆ ಅಂತ ಅವನಂದರೆ ನಾನು ಬಾಯಿ ಮುಚ್ಚುತ್ತೇನೆ. "ನನ್ನಿಷ್ಟ" ಅಂದಾಗಲೇ ಜಗಳ. ಬರೋ ಶನಿವಾರ ಊಟ ಅವನ ಮನೇಲೇ ಇದೆ, ಮತ್ತೆ ಶುರು ಮಾಡುತ್ತೇನೆ.